ಪೇಟೆ ಬೀದಿ ಬದಲಿಸುವ ಮುಂಚೆ ನಿಂತ ಗಾಡಿಗಳನ್ನು ಎಣಿಸಿ

ಒನ್‌ವೇ ಮಾಡೋದಾ, ಇಲ್ಲ ರಸ್ತೆ ಅಗಲ ಮಾಡೋದಾ, ಯಾವುದರಿಂದ ಪೇಟೆ ಬೀದಿಯಲ್ಲಿ ಗಾಡಿಗಳೂ ಸಲೀಸಾಗಿ ಓಡುತ್ತವೆ, ಜನರೂ ನೆಮ್ಮದಿಯಾಗಿ ನಡೆಯಬಹುದು ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಒಂದು ನಕ್ಷೆಯ ಮುಂದೆ ಕೂತಿದ್ದೆ. ಬೀದಿ ವಿನ್ಯಾಸದ ತಂಡದಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವನು. ಗಾಡಿ ಎಣಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಪ್ಪಾಗಿದ್ದೂ ಅಲ್ಲೇ.

ಬೀದಿಯ ಉದ್ದ ಸುಮಾರು 400 ಮೀಟರ್. ಈ ಕಡೆಯ ಅಂಗಡಿಯಿಂದ ಆ ಕಡೆಯ ಅಂಗಡಿಗೆ 16 ಮೀಟರ್. ಅದರಲ್ಲಿ 13 ಮೀಟರ್ ರಸ್ತೆ. ಜನರಿಗೆ ಉಳಿದಿದ್ದು ಆಚೆ ಈಚೆ ಒಂದೂವರೆ ಮೀಟರ್, ಅದರಲ್ಲೂ ಅರ್ಧ ಬೈಕುಗಳೇ. ನಾವು ಅದನ್ನು ತಿರುವುಮುರುವು ಮಾಡಿದೆವು. ಎರಡೂ ಕಡೆ 4 ಮೀಟರ್ ಫುಟ್‌ಪಾತ್, ಒಂದು ಕಡೆ ಮಾತ್ರ ಒಂದೂವರೆ ಮೀಟರ್ ಅಗಲದ ಗಿಡಗಳ ಸಾಲು, ನಡುವೆ ಆರೂವರೆ ಮೀಟರ್ ರಸ್ತೆ. ಹೋಗೋಕೆ ಒಂದು ಲೇನ್, ಬರೋಕೆ ಒಂದು ಲೇನ್.

ಒಂದು ಲೇನ್ ಸಾಕು ಅಂತ ನಾವು ಸುಮ್ನೆ ಹೇಳಿರಲಿಲ್ಲ. ಬೀದಿಯ ಎರಡೂ ತುದಿಯಲ್ಲಿ ಜನ ಕೂರಿಸಿ, ಮೂರು ದಿನ, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಎಣಿಸಿದ್ದೆವು. ಹೆಚ್ಚು ಓಡಾಟದ ಹೊತ್ತಿನಲ್ಲಿ ಒಂದು ದಿಕ್ಕಿಗೆ ಗಂಟೆಗೆ ಸುಮಾರು 600 ಗಾಡಿ. ಅಷ್ಟಕ್ಕೆ ಒಂದು ಲೇನ್ ಬೇಕಾದಷ್ಟಾಯಿತು. ಆ ಲೆಕ್ಕ ಇವತ್ತಿಗೂ ತಪ್ಪಲ್ಲ.

ಆದರೆ ನಾವು ಎಣಿಸಿದ್ದು ಓಡುವ ಗಾಡಿಗಳನ್ನು. ನಿಂತ ಗಾಡಿಗಳನ್ನು ಎಣಿಸಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಸಮಿತಿಯವರೂ ಇದೇ ಗುಂಡಿಗೆ ಬೀಳುವ ಸಾಧ್ಯತೆ ಜಾಸ್ತಿ. ಒಂದು ಬೈಕ್ ಈ ತುದಿಯಲ್ಲಿ ಒಳಗೆ ಬಂದು ಒಂದು ನಿಮಿಷದಲ್ಲಿ ಆ ತುದಿಯಿಂದ ಹೊರಗೆ ಹೋಯಿತು. ನಮ್ಮ ಪುಸ್ತಕದಲ್ಲಿ ಎರಡು ಗೀಟು, ಒಳಗೊಂದು ಹೊರಗೊಂದು. ಒಂದು ಲಾರಿ 10.40ಕ್ಕೆ ಒಳಗೆ ಬಂತು, ಕಬ್ಬಿಣದ ಸಾಮಾನಿನ ಅಂಗಡಿ ಮುಂದೆ ನಿಂತಿತು, ಸರಕು ಇಳಿಸಿ 11.05ಕ್ಕೆ ಹೊರಗೆ ಹೋಯಿತು. ಅದಕ್ಕೂ ಎರಡೇ ಗೀಟು. ನಡುವಿನ 25 ನಿಮಿಷ ಪುಸ್ತಕದಲ್ಲಿ ಎಲ್ಲೂ ಇಲ್ಲ. ಹಳೇ ರಸ್ತೆ ಅಗಲವಾಗಿದ್ದರಿಂದ ಲಾರಿ ಬದಿಗೆ ನಿಂತರೂ ಉಳಿದವರು ಸುತ್ತಿಕೊಂಡು ಹೋಗುತ್ತಿದ್ದರು. ಹೊಸ ರಸ್ತೆಯಲ್ಲಿ ಬದಿಯೇ ಇರಲಿಲ್ಲ. ಗಂಟೆಗೆ 600 ಅಂದರೆ ನಿಮಿಷಕ್ಕೆ ಹತ್ತು. ಲಾರಿ ಹತ್ತು ನಿಮಿಷ ಲೇನಿನಲ್ಲಿ ನಿಂತರೆ ಅದರ ಬೆನ್ನಿಗೆ ಬಂದು ಸೇರುವ ಗಾಡಿ ನೂರು! ಎದುರು ಲೇನಿಗೆ ನುಗ್ಗದೆ ಅವರಿಗೆ ಬೇರೆ ದಾರಿ ಇಲ್ಲ.

ಮೊದಲ ವಾರ ಬೀದಿ ನೋಡೋಕೆ ಖುಷಿಯಾಗುತ್ತಿತ್ತು. ವಯಸ್ಸಾದವರು ಗಿಡದ ಕಟ್ಟೆ ಮೇಲೆ ಕೂರುತ್ತಿದ್ದರು, ಮಕ್ಕಳು ದೊಡ್ಡವರ ಕೈ ಬಿಟ್ಟು ನಡೆಯುತ್ತಿದ್ದರು. ಹತ್ತನೇ ದಿನಕ್ಕೆ ದೊಡ್ಡ ಸರಕು ಬಂತು. ನಾನು ಅಲ್ಲೇ ಇದ್ದೆ. ಹಮಾಲಿ ಒಬ್ಬರು ಕೈಗಾಡಿಗೆ ಆರು ಮೂಟೆ ಹೇರಿಕೊಂಡು ಫುಟ್‌ಪಾತ್ ಹತ್ತಿಸೋಕೆ ಹೋದರು. ಅಂಚಿನ ಎತ್ತರ 15 ಸೆಂಟಿಮೀಟರ್. ಚಕ್ರ ಕಲ್ಲಿಗೆ ಬಡಿದು ನಿಂತಿತು. ಹಿಂದಕ್ಕೆ ಎಳೆದು, ಭುಜ ಕೊಟ್ಟು ಮತ್ತೆ ನೂಕಿದರು. ಮೂರು ಸಲ. ಆಮೇಲೆ ಗಾಡಿ ಅಲ್ಲೇ ಬಿಟ್ಟು ಒಂದೊಂದೇ ಮೂಟೆ ಹೊತ್ತು ನಡೆದರು. ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಲಾರಿ ಲೇನಿನಲ್ಲೇ. ಹಿಂದಿದ್ದ ಬೈಕುಗಳು ಗಿಡಗಳ ಸಂದಿಯಲ್ಲಿ ತೂರಿ ಫುಟ್‌ಪಾತ್ ಹತ್ತಿದವು. ಅವತ್ತಿನಿಂದ ಅದೇ ಅಭ್ಯಾಸವಾಯಿತು. ಎರಡು ತಿಂಗಳಲ್ಲಿ ಫುಟ್‌ಪಾತ್ ಮೇಲೇ ಒಬ್ಬ ಅಜ್ಜಿಗೆ ಬೈಕ್ ತಾಗಿ ಮಣಿಕಟ್ಟು ಮುರಿಯಿತು. ನಡೆಯುವವರಿಗೆ ಅಂತಲೇ ಕಟ್ಟಿದ ಜಾಗ ಅದು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ಎಲ್ಲರೂ ಹೇಳಿದ್ದು ಒಂದೇ: ಫುಟ್‌ಪಾತ್ ಅಗಲ ಮಾಡಿದ್ದೇ ತಪ್ಪು. ಒಂದೂವರೆ ವರ್ಷದೊಳಗೆ ಗಿಡಗಳನ್ನು ಕಿತ್ತು, ಆ ಕಡೆಯ ಫುಟ್‌ಪಾತ್ ಅರ್ಧ ಒಡೆದು ಪಾರ್ಕಿಂಗ್ ಮಾಡಿದರು. ಬೆಳಗ್ಗೆಯೇ ಅಲ್ಲಿ ಕಾರು ಬಂದು ನಿಲ್ಲುತ್ತಿದ್ದರಿಂದ ಲಾರಿಗಳು ಮತ್ತೆ ಲೇನಿನಲ್ಲೇ ನಿಂತವು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒನ್‌ವೇ, ಅಗಲೀಕರಣ ಎರಡೂ ಓಡುವ ಗಾಡಿಯನ್ನೇ ನೋಡಿ ಹುಟ್ಟಿದ ಉಪಾಯಗಳು. ಒನ್‌ವೇ ಮಾಡಿದರೆ ವೇಗ ಏರುತ್ತದೆ, ಜನ ಸುತ್ತು ಹಾಕಿ ಬರಬೇಕಾಗುತ್ತದೆ. ಒಂದೇ ದಿಕ್ಕಿಗೆ ಎರಡು ಲೇನ್ ಇದ್ದರೆ ದಾಟುವವರಿಗೆ ಇನ್ನೊಂದು ಅಪಾಯ: ಹತ್ತಿರದ ಗಾಡಿ ನಿಂತು ದಾರಿ ಬಿಡುತ್ತದೆ, ಅದರ ಮರೆಯಿಂದ ಇನ್ನೊಂದು ನುಗ್ಗಿ ಬರುತ್ತದೆ. ಅಗಲೀಕರಣವಂತೂ ಬೇಡವೇ ಬೇಡ. ಪೇಟೆಯಲ್ಲಿ ಎಷ್ಟು ಗಾಡಿ ಸಾಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಸಿಗ್ನಲ್ ಮತ್ತು ರಸ್ತೆಯ ಅಂಚಿನಲ್ಲಿ ನಿಲ್ಲುವ ಗಾಡಿಗಳು. ಹಸಿರು ಬಿದ್ದಾಗ ಒಂದು ಲೇನಿನಿಂದ ಸುಮಾರು ಎರಡು ಸೆಕೆಂಡಿಗೆ ಒಂದು ಗಾಡಿ ಹೊರಬೀಳುತ್ತದೆ. ನಡುವೆ ಎಷ್ಟೇ ಅಗಲ ಮಾಡಿ, ಸಿಗ್ನಲ್ ಬಾಯಿ ಅಷ್ಟೇ ಇದ್ದರೆ ಸಾಲು ದಪ್ಪವಾಗುತ್ತದೆ ಅಷ್ಟೇ. ಹೊಸ ರಸ್ತೆ ಸೇರಿಸಿದರೆ ಎಲ್ಲರ ಪ್ರಯಾಣವೂ ನಿಧಾನವಾಗುವ ಸಂದರ್ಭಗಳಿವೆ ಅಂತ ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರಾಸ್ 1968ರಲ್ಲೇ ತೋರಿಸಿದ್ದರು. ಸಿಯೋಲ್ ನಗರದಲ್ಲಿ 2003ರಲ್ಲಿ ನಡು ಊರಿನ ಮೇಲ್ರಸ್ತೆಯನ್ನೇ ಕೆಡವಲು ಶುರು ಮಾಡಿದರು. ಅದರ ಅಡಿ ಮುಚ್ಚಿಹೋಗಿದ್ದ ಚೊಂಗ್ಯೆಚೊನ್ ಹೊಳೆಯನ್ನು 2005ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಊರು ನಿಂತುಹೋಗಲಿಲ್ಲ.

ನಡೆಯುವವರಿಗೆ ಕೊಟ್ಟರೆ ಗಾಡಿಯವರಿಗೆ ನಷ್ಟ ಅನ್ನುವ ಮಾತನ್ನೂ ನಂಬಬೇಡಿ. ಸಿಗ್ನಲ್ ಲೆಕ್ಕಕ್ಕೆ ಜನರ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುವುದು ರೂಢಿ. 13 ಮೀಟರ್ ದಾಟೋಕೆ ಹನ್ನೊಂದು ಸೆಕೆಂಡ್ ಬೇಕು, ಆರೂವರೆ ಮೀಟರಿಗೆ ಐದೂವರೆ ಸಾಕು. ಉಳಿದ ಸೆಕೆಂಡು ಯಾರಿಗೆ? ಗಾಡಿಗಳ ಹಸಿರಿಗೇ ಅಲ್ವಾ? ತಿರುವಿನ ಮೂಲೆಯ ದುಂಡನೆಯ ಬಾಗನ್ನು ಚಿಕ್ಕದು ಮಾಡಿದರೂ ಹಾಗೇ. ದಾಟುವ ದೂರ ಇಳಿಯುತ್ತದೆ, ತಿರುಗುವ ಗಾಡಿ ತಾನಾಗಿಯೇ ನಿಧಾನವಾಗುತ್ತದೆ.

ಆ ಬೀದಿ ಇವತ್ತು ನನ್ನ ಕೈಗೆ ಮತ್ತೆ ಸಿಕ್ಕರೆ ರಸ್ತೆ ಆರೂವರೆ ಮೀಟರೇ ಇರಲಿ ಅನ್ನುತ್ತೇನೆ. ಆದರೆ ಅರವತ್ತು ಎಪ್ಪತ್ತು ಮೀಟರಿಗೊಂದು ಕಡೆ ಗಿಡಗಳ ಸಾಲು ಬಿಡಿಸಿ, ಫುಟ್‌ಪಾತಿನಿಂದ ಒಂದು ಮೀಟರ್ ತೆಗೆದುಕೊಂಡು, ಎರಡೂವರೆ ಮೀಟರ್ ಅಗಲದ ಜಾಗ ಮಾಡುತ್ತೇನೆ. ಅದು ಸರಕು ಇಳಿಸೋಕೆ ಮಾತ್ರ. ಅಲ್ಲಿಯೂ ನಡೆಯುವವರಿಗೆ 3 ಮೀಟರ್ ಉಳಿಯುತ್ತದೆ. ಪ್ರತಿ ಜಾಗದ ಪಕ್ಕ ಕೈಗಾಡಿಗೆ ಇಳಿಜಾರು. ಗಾಲಿಕುರ್ಚಿಯವರಿಗೂ ಅದೇ ಇಳಿಜಾರು ಆಗುತ್ತದೆ. ಆ ಜಾಗದಲ್ಲಿ ಕಾರು ನಿಲ್ಲಿಸದ ಹಾಗೆ ನೋಡಿಕೊಳ್ಳಲು ದಿನಾ ಒಬ್ಬರಾದರೂ ಇರಬೇಕು. ಯಾವ ಹೊತ್ತಿಗೆ ಸರಕು ತರಿಸಬೇಕು ಅನ್ನುವುದನ್ನು ಅಂಗಡಿಯವರ ಜೊತೆ ಕೂತೇ ಗೊತ್ತುಮಾಡುತ್ತೇನೆ. ನಾವು ಆಗ ಅವರಿಗೆ ನಕ್ಷೆ ತೋರಿಸಿದ್ದೆವು, ಏನನ್ನೂ ಕೇಳಿರಲಿಲ್ಲ.

ಕಲ್ಲು ಹಾಕಿಸುವ ಮುಂಚೆ ಬಣ್ಣ ಬಳಿದು, ಡ್ರಮ್ ಇಟ್ಟು ಕೆಲವು ತಿಂಗಳು ನಡೆಸಿ ನೋಡಿ. ಕೋಪನ್‌ಹೇಗನ್ನಿನ ಸ್ಟ್ರೋಗೆಟ್ ಬೀದಿ 1962ರಲ್ಲಿ ನಡೆಯುವವರಿಗೆ ಮೀಸಲಾಗಿದ್ದು ಪ್ರಯೋಗ ಅಂತಲೇ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 2009ರಲ್ಲಿ ಗಾಡಿ ತಡೆದು ಮೊದಲು ಇಟ್ಟಿದ್ದು ಮಡಚುವ ಕುರ್ಚಿಗಳನ್ನು. ನಾವು ಬಣ್ಣದಲ್ಲಿ ಮಾಡಿ ನೋಡಿದ್ದರೆ ಹತ್ತನೇ ದಿನವೇ ಲಾರಿಯ ವಿಷಯ ಗೊತ್ತಾಗುತ್ತಿತ್ತು, ಒಂದು ರಾತ್ರಿಯಲ್ಲಿ ಗೆರೆ ಅಳಿಸಿ ಬೇರೆ ಹಾಕಬಹುದಿತ್ತು.

ಈ ವಾರವೇ ಶುರು ಮಾಡಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ: ಯಾವ ಗಾಡಿ, ಯಾವ ಅಂಗಡಿ ಮುಂದೆ, ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಹೊರಟಿತು. ಬೀದಿಯ ಎರಡು ತುದಿಯಲ್ಲಿ ಅಲ್ಲ, ನಡುವೆ ಯಾವುದಾದರೂ ಮೆಟ್ಟಿಲ ಮೇಲೆ ಕೂತು ಬರೆಯಿರಿ. ಬೆಳಗ್ಗೆ ಆರಕ್ಕೇ ಹೋಗಿ, ಎಂಟಕ್ಕಲ್ಲ. ಮೂರು ದಿನದ ಹಾಳೆ ತುಂಬಿದ ಮೇಲೆ ನನಗೆ ಕಳಿಸಿ. ಯಾವ ಅಂಗಡಿ ಮುಂದೆ ಜಾಗ ಬಿಡಬೇಕು ಅಂತ ಇಬ್ಬರೂ ಸೇರಿ ಗುರುತು ಹಾಕೋಣ.