ಕೆಳದಿ ಕಾಲದ ಕಾಳುಮೆಣಸಿನ ವ್ಯಾಪಾರದ ಬಗ್ಗೆ ದುಡ್ಡು ಕೊಡದೆ ಎಲ್ಲಿ ಓದಬಹುದು?

ನೀವು ಕೇಳಿದ್ದು ಇಷ್ಟು: ಊರು ಸಾಗರದ ಹತ್ತಿರ, ಓದುತ್ತಿರುವುದು ಇತಿಹಾಸ ಎಂ.ಎ., ಕೆಳದಿ ಅರಸರ ಕಾಲದ ಮೆಣಸಿನ ವ್ಯಾಪಾರದ ಮೇಲೆ ಪ್ರಬಂಧ ಬರೆಯಬೇಕು, ನೆಟ್‌ನಲ್ಲಿ ಹುಡುಕಿದರೆ ಒಂದೊಂದು ಲೇಖನಕ್ಕೂ ಡಾಲರ್ ಕೇಳುತ್ತಾರೆ, ಏನು ಮಾಡಲಿ ಅಂತ. ನಾನು ತೀರ್ಥಹಳ್ಳಿ ಕಡೆಯವನು, ಇದೇ ಕಾಲದ ಬಗ್ಗೆ ಓದಿಕೊಂಡವನು, ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ಡಾಲರ್ ಮಾತ್ರ ಕೊಡಬೇಡಿ. ನಿಮ್ಮ ವಿಷಯಕ್ಕೆ ಬೇಕಾದ ಮುಖ್ಯ ಆಕರಗಳು ನೂರು ವರ್ಷಕ್ಕಿಂತ ಹಳೆಯವು. ಅವುಗಳ ಕಾಪಿರೈಟ್ ಯಾವತ್ತೋ ಮುಗಿದಿದೆ, ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್ (archive.org) ಅನ್ನುವ ಉಚಿತ ತಾಣಕ್ಕೆ ಹಾಕಿದ್ದಾರೆ. ಸಿಗುತ್ತಿಲ್ಲ ಅನ್ನಿಸುವುದು ಹುಡುಕುವ ರೀತಿಯಿಂದ. ಶಿವಮೊಗ್ಗ ಅಂತ ಹುಡುಕಿದರೆ ಹೊಸ ಸುದ್ದಿಗಳೇ ಬರುತ್ತವೆ. ಇಂಗ್ಲಿಷಿನಲ್ಲಿ ಶಿಮೋಗ ಅನ್ನಿ, ಕರ್ನಾಟಕದ ಬದಲು ಮೈಸೂರು, ಕೆನರಾ ಅನ್ನಿ, ನಗರ ಅನ್ನುವ ಊರಿಗೆ (ಹಳೆಯ ಬಿದನೂರು) ಬೆಡ್ನೂರ್, ಬೆಡ್ನೋರ್ ಎರಡೂ ಹಾಕಿ ನೋಡಿ, ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಯನ್ನಂತೂ ಬಿಡಲೇಬೇಡಿ.

ಯಾಕೆಂದರೆ ನಿಮಗೆ ಬೇಕಾದ ಒಳ್ಳೆಯ ಸಾಕ್ಷಿ ಇಕ್ಕೇರಿಯಲ್ಲೇ ಇದೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಅನ್ನುವ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ಪೋರ್ಚುಗೀಸರಿಗೂ ನಾಯಕನಿಗೂ ನಡುವೆ ಇದ್ದ ಮುಖ್ಯ ವ್ಯವಹಾರವೇ ಮೆಣಸು. ದೆಲ್ಲಾ ವಲ್ಲೆಯ ಪತ್ರಗಳ ಇಂಗ್ಲಿಷ್ ಅನುವಾದವನ್ನು ಹಳೆಯ ಪ್ರವಾಸ ಕಥನಗಳನ್ನು ಪ್ರಕಟಿಸುವ ಹಕ್ಲೂಟ್ ಸೊಸೈಟಿ 1892ರಲ್ಲಿ ಅಚ್ಚು ಹಾಕಿತು, ಅದು ಪುಕ್ಕಟೆ ಸಿಗುತ್ತದೆ. ಅದರ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಫ್ರಾನ್ಸಿಸ್ ಬುಕಾನನ್ ಬರೆದದ್ದು ನೋಡಿ. ಟಿಪ್ಪು ಸತ್ತ ಮೇಲೆ 1800-01ರಲ್ಲಿ ಈ ಸೀಮೆಯೆಲ್ಲಾ ಸುತ್ತಿ ಅಡಿಕೆ, ಮೆಣಸು, ಸುಂಕ, ಸಂತೆ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಮೂರು ಸಂಪುಟ ಬಂತು, ನಮ್ಮ ಕಡೆಯದ್ದು ಮೂರನೆಯದರಲ್ಲಿದೆ. ಅವನು ಕಂಪನಿಯ ಕಣ್ಣಿನಿಂದ ನೋಡುತ್ತಾನೆ, ಅದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು ಅಷ್ಟೇ.

ಶಾಸನಗಳಿಗೆ ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳ ಮಾಲೆ 'ಎಪಿಗ್ರಾಫಿಯಾ ಕರ್ನಾಟಿಕಾ' ನೋಡಿ. ಶಿವಮೊಗ್ಗ ಜಿಲ್ಲೆಗೆ ಏಳು ಮತ್ತು ಎಂಟನೇ ಸಂಪುಟ, 1902 ಮತ್ತು 1904. ಇಲ್ಲಿ ಒಂದು ವಿಷಯ ಗೊತ್ತಿರಲಿ: ಅದರಲ್ಲಿ ಪ್ರತಿ ತಾಲ್ಲೂಕಿಗೂ ಬೇರೆ ನಂಬರಿದೆ. ಪುಸ್ತಕಗಳಲ್ಲಿ 'ಎಸ್‌ಕೆ 176' ಅಂತ ಕಂಡರೆ ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ, ಅಂದರೆ ನಮ್ಮ ತಾಳಗುಂದದ ಕದಂಬರ ಕಾಲದ ಶಾಸನದ ಕಂಬ. ಸಾಗರ, ಸೊರಬ, ನಗರ, ತೀರ್ಥಹಳ್ಳಿ ಎಂಟನೇ ಸಂಪುಟದಲ್ಲಿವೆ, ನೀವು ಅಲ್ಲಿಂದಲೇ ಶುರು ಮಾಡಿ. ಒಂದೇ ಪುಸ್ತಕದೊಳಗೆ ಇಂಗ್ಲಿಷ್ ಅನುವಾದ ಒಂದು ಕಡೆ, ಕನ್ನಡ ಪಾಠ ಇನ್ನೊಂದು ಕಡೆ ಇರುತ್ತದೆ. ಸುಂಕದ ಮಾತು ಬಂದ ಕಡೆ ಅನುವಾದವನ್ನೇ ನಂಬಿ ಕೂರಬೇಡಿ, ಕನ್ನಡ ಪಾಠವನ್ನೂ ತೆಗೆದು ನೋಡಿ.

ಇಂಥ ಫೈಲುಗಳು ಭಾರೀ ದಪ್ಪ ಇರುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ! ಇಂಗ್ಲಿಷ್ ಪುಸ್ತಕವಾದರೆ ಪಿಡಿಎಫ್ ಬಿಟ್ಟು ಬರೀ ಟೆಕ್ಸ್ಟ್ ಫೈಲ್ ಇಳಿಸಿಕೊಳ್ಳಿ, ಚಿಕ್ಕದು, ಒಳಗೆ ಪದ ಹುಡುಕುವುದೂ ಸುಲಭ. ಹಳೆಯ ಕನ್ನಡ ಪುಸ್ತಕಗಳಿಗೆ ಈ ಉಪಾಯ ನಡೆಯುವುದು ಕಡಿಮೆ, ಎಷ್ಟೋ ಸಲ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಗುಡ್ಡೆ. ಜೊತೆಗೆ ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೊಡೆದಿದ್ದಾರೆ. ಅದಕ್ಕೇ 'ಪುಸ್ತಕ ಸಂಚಯ' ಅನ್ನುವ ತಾಣ ಇದೆ, ಕನ್ನಡದಲ್ಲೇ ಪುಸ್ತಕದ ಹೆಸರು ಹೊಡೆದು ಹುಡುಕಬಹುದು.

ಇನ್ನು ಈಚಿನ ಲೇಖನಗಳು. ಸಂಶೋಧನಾ ಲೇಖನಗಳ ತಾಣ ಜೆಸ್ಟೋರ್‌ನಲ್ಲಿ ಸುಮ್ನೆ ಒಂದು ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್ ಓದಬಹುದು, ಡೌನ್‌ಲೋಡ್ ಮಾಡಲಾಗದು, ಎಲ್ಲಾ ಪತ್ರಿಕೆಗಳೂ ಸಿಗುವುದಿಲ್ಲ, ಆದರೂ ಪ್ರಬಂಧಕ್ಕೆ ಧಾರಾಳ ಸಾಕು. ಬ್ರೌಸರ್‌ಗೆ ಅನ್‌ಪೇವಾಲ್ ಅನ್ನುವ ಉಚಿತ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಲೇಖನ ಬೇರೆಲ್ಲಾದರೂ ಉಚಿತ ಇದ್ದರೆ ಹಸಿರು ಬೀಗ ತೋರಿಸುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗೆ 'ಎಲ್ಲಾ ಆವೃತ್ತಿಗಳು' ಅಂತ ಇರುತ್ತದಲ್ವಾ, ಅದನ್ನೂ ಒತ್ತಿ ನೋಡಿ. ಏನೂ ಸಿಗದಿದ್ದರೆ ಬರೆದವರಿಗೇ ನಾಲ್ಕು ಸಾಲಿನ ಮೇಲ್ ಹಾಕಿ, ತಮ್ಮ ಲೇಖನ ಒಬ್ಬ ವಿದ್ಯಾರ್ಥಿ ಕೇಳಿದ ಅಂದರೆ ಖುಷಿಯಿಂದ ಕಳಿಸುವವರೇ ಜಾಸ್ತಿ.

ನಿಮ್ಮದು ಸರ್ಕಾರಿ ಕಾಲೇಜೋ ವಿಶ್ವವಿದ್ಯಾಲಯವೋ ಆಗಿದ್ದರೆ ಇನ್ನೂ ಒಂದು ದಾರಿ ಇದೆ, ಎಷ್ಟೋ ವಿದ್ಯಾರ್ಥಿಗಳಿಗೆ ಅದು ಗೊತ್ತೇ ಇಲ್ಲ. 2025ರ ಜನವರಿಯಿಂದ ಕೇಂದ್ರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ ನಡೆಯುತ್ತಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಲೈಬ್ರರಿಯನ್ ಹತ್ತಿರ ಹೋಗಿ ಲಾಗಿನ್ ಕೇಳಿ. ಅನುದಾನಿತ ಕಾಲೇಜಾದರೆ ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಪುಸ್ತಕ, ಜರ್ನಲ್ ಒದಗಿಸುವ ಯೋಜನೆ) ಇದೆಯಾ ಅಂತ ಕೇಳಿ.

ಶೋಧಗಂಗಾ ನಿಮಗೆ ಗೊತ್ತಿರಬಹುದು, ಪಿಎಚ್.ಡಿ. ಪ್ರಬಂಧಗಳ ಭಂಡಾರ. ಅಲ್ಲಿ ಕಾಳಿಗಿಂತ ಜೊಳ್ಳು ಜಾಸ್ತಿ, ನೇರವಾಗಿ ಹೇಳಿಬಿಡುತ್ತೇನೆ. ಆದರೆ ಅಧ್ಯಾಯಗಳು ಬೇರೆ ಬೇರೆ ಫೈಲ್ ಆಗಿರುವುದರಿಂದ ಮೊದಲು ಕೊನೆಯ ಗ್ರಂಥಸೂಚಿ ಮಾತ್ರ ತೆರೆಯಿರಿ. ಕೆಳದಿ ಮೇಲೆ ಕೆಲಸ ಮಾಡಿದವರು ಯಾವ ಯಾವ ಕಡತ ನೋಡಿದ್ದಾರೆ ಅಂತ ಅಲ್ಲೇ ತಿಳಿಯುತ್ತದೆ. ಕಂಪನಿ ಕಾಲದ ಸರ್ಕಾರಿ ಕಾಗದಗಳಿಗೆ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ ಪಟಲ' ತಾಣದಲ್ಲಿ ಹುಡುಕಬಹುದು.

ಇಷ್ಟೆಲ್ಲಾ ಆದ ಮೇಲೂ ತಾಳೆಗರಿ, ಕಡತ ನೋಡಬೇಕು ಅನ್ನಿಸಿದರೆ ನೆಟ್ ಬಿಡಿ. ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಕೆಳದಿ ಮ್ಯೂಸಿಯಂ ನಿಮ್ಮ ಸಾಗರದ ಪಕ್ಕದಲ್ಲೇ ಇದೆ. ಯಾವ ಅರಸನ ಕಾಲದ್ದು, ಯಾವ ವಿಷಯದ್ದು ಬೇಕು ಅಂತ ಬರೆದು, ಗೈಡ್ ಕೈಯಲ್ಲಿ ಒಂದು ಪತ್ರ ಮಾಡಿಸಿಕೊಂಡು ಹೋಗಿ.