ಫೆರ್ನಾಂಡಿಸ್ ಹೆಸರಿನವರೆಲ್ಲ ಒಂದೇ ವಂಶದವರಾ?

ನೀವು ಕೇಳಿದ್ದು ಇದು: ಅರ್ಜೆಂಟೀನಾದ ಎನ್ಜೊ ಫೆರ್ನಾಂಡೆಸ್, ಪೋರ್ಚುಗಲ್‌ನ ಬ್ರೂನೊ ಫೆರ್ನಾಂಡಿಸ್, ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್, ಇವರೆಲ್ಲ ಒಂದೇ ಮೂಲದವರಾ? ಹೆಸರು ಸ್ಪೇನ್‌ನದ್ದಾ? ಅರ್ಥ ಏನು, ಯಾಕೆ ಇಷ್ಟೊಂದು ಜನಕ್ಕೆ ಇದೆ?

ನಾನು ಸ್ಪ್ಯಾನಿಷ್ ಕಲಿಸುತ್ತೇನೆ, ಇದೇ ಪ್ರಶ್ನೆಯನ್ನು ಕರಾವಳಿಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಹೆಸರು ಒಂದೇ, ವಂಶ ಒಂದೇ ಅಲ್ಲ. ಫೆರ್ನಾಂಡೆಸ್ (ನಮ್ಮ ಫೆರ್ನಾಂಡಿಸ್ ಕೂಡ ಇದೇ) ಅಂದರೆ ಫೆರ್ನಾಂಡೊ ಎನ್ನುವವನ ಮಗ, ಅಷ್ಟೇ. ಸಾವಿರ ವರ್ಷದ ಹಿಂದೆ ಸ್ಪೇನ್‌ನಲ್ಲಿ ಫೆರ್ನಾಂಡೊಗಳು ಬೇಕಾದಷ್ಟು ಜನ ಇದ್ದರು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಅಷ್ಟೂ ಫೆರ್ನಾಂಡೊಗಳ ಮಕ್ಕಳು ಫೆರ್ನಾಂಡೆಸ್ ಆದರು.

ಫೆರ್ನಾಂಡೊ ಅನ್ನೋದು ವಿಸಿಗೋತ್ ಜನ ತಂದ ಹೆಸರು. ಇವರು ಜರ್ಮನಿಕ್ ಮೂಲದವರು, 5ನೇ ಶತಮಾನದಲ್ಲಿ ಸ್ಪೇನ್‌ಗೆ ಬಂದು 711ರಲ್ಲಿ ಮುಸ್ಲಿಂ ಸೇನೆ ಬರುವವರೆಗೆ ಆಳಿದರು. ಅವರ ಭಾಷೆ ಅಳಿಸಿಹೋಯಿತು, ಹೆಸರುಗಳು ಮಾತ್ರ ಉಳಿದವು: ರೊಡ್ರಿಗೊ, ಆಲ್ವಾರೊ, ಗೊನ್ಸಾಲೊ, ಫೆರ್ನಾಂಡೊ. ಫೆರ್ನಾಂಡೊದ ಕೊನೆಯ ಭಾಗಕ್ಕೆ ಧೈರ್ಯ, ಎದೆಗಾರಿಕೆ ಎಂಬ ಅರ್ಥ. ಮೊದಲ ಭಾಗ ಶಾಂತಿ ಅಂತ ಕೆಲವರು, ಪ್ರಯಾಣ ಅಂತ ಕೆಲವರು ಹೇಳುತ್ತಾರೆ. ಕೆಲವು ಕಡೆ ಇದರಲ್ಲಿ ಒಂದನ್ನೇ ಖಚಿತವಾದ ಅರ್ಥ ಅಂತ ಹಾಕಿರುತ್ತಾರೆ, ಪಂಡಿತರಲ್ಲಿ ಹಾಗೆ ಒಮ್ಮತ ಇಲ್ಲ.

ನನಗೆ ತುಂಬಾ ಇಷ್ಟವಾದ ವಿಷಯ ಮುಂದಿನದು. ಮೊದಮೊದಲು ಫೆರ್ನಾಂಡೆಸ್ ಮನೆತನದ ಹೆಸರೇ ಆಗಿರಲಿಲ್ಲ, ತಲೆಮಾರು ತಲೆಮಾರಿಗೆ ಬದಲಾಗುತ್ತಿತ್ತು. ಸ್ಪೇನ್‌ನ ಕ್ಯಾಸ್ಟೈಲ್ ಎಂಬ ಪ್ರಾಂತ್ಯದ 10ನೇ ಶತಮಾನದ ಪಾಳೆಯಗಾರರನ್ನೇ ನೋಡಿ. ಗೊನ್ಸಾಲೊ ಫೆರ್ನಾಂಡೆಸ್ ಅಂತ ಒಬ್ಬ. ಅವನ ಮಗ ಫೆರ್ನಾನ್ ಗೊನ್ಸಾಲೆಸ್, ಕ್ಯಾಸ್ಟೈಲ್ ಅನ್ನು ಬಲವಾದ ನಾಡಾಗಿ ಕಟ್ಟಿದವನು, 970ರಲ್ಲಿ ತೀರಿಕೊಂಡ. ಅವನ ಮಗ ಗಾರ್ಸಿಯಾ ಫೆರ್ನಾಂಡೆಸ್. ಮೊಮ್ಮಗ ಸಾಂಚೊ ಗಾರ್ಸಿಯಾ. ಮರಿಮಗ ಗಾರ್ಸಿಯಾ ಸಾಂಚೆಸ್. ಒಂದೇ ಮನೆ, ಅಪ್ಪ ಮಗನ ಎರಡನೇ ಹೆಸರು ಒಂದಕ್ಕೊಂದು ತಾಳೆಯಾಗುವುದಿಲ್ಲ, ಯಾಕೆಂದರೆ ಎರಡನೇ ಹೆಸರು ಹೇಳುತ್ತಿದ್ದದ್ದು ಅಪ್ಪ ಯಾರು ಅನ್ನೋದನ್ನು ಮಾತ್ರ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಅಪ್ಪನ ಹೆಸರನ್ನೇ ಕೊನೆಗೆ ಸೇರಿಸಿಕೊಳ್ಳುತ್ತಾರೆ, ಮಗನ ಮಗನಿಗೆ ಬರುವಾಗ ಅದು ಬೇರೆಯಾಗಿರುತ್ತದೆ ಅಲ್ವಾ, ಹಾಗೆಯೇ.

ಆಮೇಲೆ ನಿಧಾನವಾಗಿ ಹೆಸರು ಗಟ್ಟಿಯಾಯಿತು. ಆಸ್ತಿ ಪತ್ರ, ತೆರಿಗೆ, ಚರ್ಚ್‌ಗಳ ಜ್ಞಾನಸ್ನಾನದ ದಾಖಲೆ, ಇವೆಲ್ಲ ಹೆಚ್ಚಾದಂತೆ ಅಜ್ಜನಿಗೊಂದು ಮೊಮ್ಮಗನಿಗೊಂದು ಹೆಸರು ಇದ್ದರೆ ತೊಂದರೆ ಆಗುತ್ತಿತ್ತು. 16ನೇ ಶತಮಾನದಲ್ಲಿ ಕ್ಯಾಥೊಲಿಕ್ ಧರ್ಮಗುರುಗಳು ಸೇರಿದ್ದ ಟ್ರೆಂಟ್ ಮಹಾಸಭೆಯ ನಂತರ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ದಾಖಲೆ ಇಡುವುದು ಕಡ್ಡಾಯದಂತಾಯಿತು. ಆಗ ಯಾರ ಅಪ್ಪನೋ ಅಜ್ಜನೋ ಫೆರ್ನಾಂಡೊ ಆಗಿದ್ದನೋ ಅವರ ಮನೆಗೆ ಫೆರ್ನಾಂಡೆಸ್ ಅಂಟಿಕೊಂಡು ಹಾಗೇ ಉಳಿಯಿತು. ಫೆರ್ನಾಂಡೊ ಹೆಸರು ಆ ಹೊತ್ತಿಗೆ ಜಾಸ್ತಿ ಇರಲು ರಾಜರೂ ಕಾರಣ. 1236ರಲ್ಲಿ ಕೋರ್ಡೊಬಾ, 1248ರಲ್ಲಿ ಸೆವಿಲ್ಲೆ ಗೆದ್ದ ಮೂರನೇ ಫೆರ್ನಾಂಡೊನನ್ನು ಜನ ಸಂತನಂತೆ ಕಂಡರು, 1671ರಲ್ಲಿ ಚರ್ಚ್ ಕೂಡ ಸಂತ ಎಂದು ಘೋಷಿಸಿತು.

ಈಗ ಸ್ಪೇನ್‌ನಲ್ಲಿ ಸುಮಾರು 9 ಲಕ್ಷ ಜನರ ಮೊದಲ ಮನೆತನದ ಹೆಸರು ಫೆರ್ನಾಂಡೆಸ್. ಹೆಚ್ಚು ಕಡಿಮೆ 50 ಜನರಲ್ಲಿ ಒಬ್ಬರು. ಗಾರ್ಸಿಯಾ ಎಲ್ಲರಿಗಿಂತ ಬಹಳ ಮುಂದಿದೆ, ಅದರ ಹಿಂದೆ ರೊಡ್ರಿಗೆಸ್, ಗೊನ್ಸಾಲೆಸ್, ಫೆರ್ನಾಂಡೆಸ್ ಹತ್ತಿರ ಹತ್ತಿರ ಇವೆ. ಉತ್ತರದ ಅಸ್ತೂರಿಯಾಸ್‌ನಲ್ಲಿ ಫೆರ್ನಾಂಡೆಸ್‌ದೇ ಮೊದಲ ಸ್ಥಾನ. ‘ಮೊದಲ’ ಹೆಸರು ಅಂತ ಯಾಕೆ ಹೇಳಿದೆ ಅಂದರೆ ಅಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು, ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಮದುವೆಯಾದರೂ ಹೆಂಗಸರು ತಮ್ಮ ಹೆಸರು ಬಿಡುವುದಿಲ್ಲ. ಹಿಂದೆ ಸಾಮಾನ್ಯವಾಗಿ ಅಪ್ಪನದೇ ಮೊದಲು ಬರುತ್ತಿತ್ತು, 2017ರಿಂದ ಯಾವುದು ಮೊದಲು ಅಂತ ತಂದೆ ತಾಯಿಯೇ ಒಪ್ಪಿ ಬರೆಸಬೇಕು. ಅಪ್ಪ ಅಮ್ಮ ಇಬ್ಬರೂ ಫೆರ್ನಾಂಡೆಸ್ ಆಗಿದ್ದರೆ ಮಗು ಫೆರ್ನಾಂಡೆಸ್ ಫೆರ್ನಾಂಡೆಸ್. ಹಾಗಿರುವವರೂ ಅಲ್ಲಿ ಸಾಕಷ್ಟು ಇದ್ದಾರೆ, ಅದಕ್ಕೆ ದಂಪತಿ ಸಂಬಂಧಿಕರೇ ಆಗಿರಬೇಕಿಲ್ಲ.

ಹರ್ನಾಂಡೆಸ್ ಕೂಡ ಇದೇ ಹೆಸರು. ಕ್ಯಾಸ್ಟೈಲ್‌ನ ಮಾತಿನಲ್ಲಿ ಪದದ ಶುರುವಿನ ‘ಫ’ ಕಾಲಕ್ರಮದಲ್ಲಿ ‘ಹ’ ಆಯಿತು, ಹಿಟ್ಟಿಗೆ ಫರೀನಾ ಅನ್ನುತ್ತಿದ್ದವರು ಹರೀನಾ ಅಂದರು. (ನಮಗೆ ಇದು ಹೊಸದಲ್ಲ, ಹಳಗನ್ನಡದ ಪಾಲು ಹಾಲಾಗಿದೆ.) ಆಮೇಲೆ ಸ್ಪ್ಯಾನಿಷ್‌ನಲ್ಲಿ ಆ ‘ಹ’ ಉಚ್ಚಾರವೂ ಬಿಟ್ಟುಹೋಗಿ ಈಗ ‘ಎರ್ನಾಂದೆಸ್’ ಅಂತಾರೆ. ಮೆಕ್ಸಿಕೊದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋದು ಈ ಹರ್ನಾಂಡೆಸ್.

ಲ್ಯಾಟಿನ್ ಅಮೆರಿಕಕ್ಕೆ ಸ್ಪೇನ್‌ನಿಂದ ವಲಸೆ ಹೋದವರು ಹೆಸರು ತೆಗೆದುಕೊಂಡು ಹೋದರು, ಅದು ಸಹಜ. ಅದರ ಜೊತೆಗೆ ಅಲ್ಲಿನ ಮೂಲನಿವಾಸಿಗಳಿಗೆ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಜ್ಞಾನಸ್ನಾನ ಕೊಡುವಾಗ ಪಾದ್ರಿಯದೋ ಯಜಮಾನನದೋ ಹೆಸರು ಇಟ್ಟರು. ಅವರಿಗೆ ಅದನ್ನು ಬೇಡ ಅನ್ನುವ ಅವಕಾಶ ಇರಲಿಲ್ಲ, ಹೆಸರಿನ ಇತಿಹಾಸ ಹೇಳುವಾಗ ಇದನ್ನು ಬಿಟ್ಟು ಹೇಳುವುದು ತಪ್ಪು ಅಂತ ನನ್ನ ಅಭಿಪ್ರಾಯ. ಸ್ಪೇನ್ ಆಳುತ್ತಿದ್ದ ಫಿಲಿಪೈನ್ಸ್‌ನಲ್ಲಂತೂ 1849ರಲ್ಲಿ ಗವರ್ನರ್ ಕ್ಲಾವೆರಿಯಾ ಒಂದು ಹೆಸರುಗಳ ಪಟ್ಟಿಯನ್ನೇ ಊರೂರಿಗೆ ಕಳಿಸಿ ಹಂಚಿಸಿದ. ಅರ್ಜೆಂಟೀನಾದಲ್ಲಿ ಈ ಹೆಸರು ಎಷ್ಟಿದೆ ಅಂದರೆ 2019ರ ಚುನಾವಣೆಯಲ್ಲಿ ಗೆದ್ದ ಅಧ್ಯಕ್ಷ ಆಲ್ಬರ್ಟೊ ಫೆರ್ನಾಂಡೆಸ್, ಉಪಾಧ್ಯಕ್ಷೆ ಕ್ರಿಸ್ಟಿನಾ ಫೆರ್ನಾಂಡೆಸ್. ಇಬ್ಬರೂ ಸಂಬಂಧಿಕರಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಮಂಗಳೂರು, ಉಡುಪಿಯ ಫೆರ್ನಾಂಡಿಸ್ ಬಂದದ್ದು ಪೋರ್ಚುಗೀಸ್ ದಾರಿಯಿಂದ. ಹೆಸರಿನ ಕೊನೆಯ ಅಕ್ಷರ ಸ್ಪ್ಯಾನಿಷ್‌ನಲ್ಲಿ ಝೆಡ್, ಪೋರ್ಚುಗೀಸ್‌ನಲ್ಲಿ ಎಸ್. ನಮ್ಮವರು ಬರೆಯೋದು ಎಸ್. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾ ಹಿಡಿದ ಮೇಲೆ ಮತಾಂತರವಾದ ಕೊಂಕಣಿ ಕುಟುಂಬಗಳಿಗೆ ಜ್ಞಾನಸ್ನಾನ ಕೊಟ್ಟ ಪಾದ್ರಿಯ ಅಥವಾ ಅದಕ್ಕೆ ಸಾಕ್ಷಿಯಾಗಿ ನಿಂತ ಪೋರ್ಚುಗೀಸರ ಹೆಸರು ಬಂತು. ಅವರಲ್ಲಿ ಅನೇಕರು ಮುಂದೆ ತೆರಿಗೆ, ಬರ, ಯುದ್ಧ, 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ (ಚರ್ಚ್‌ನ ಧರ್ಮವಿಚಾರಣೆ), ಇದೆಲ್ಲದರಿಂದ ಬೇಸತ್ತು ದಕ್ಷಿಣಕ್ಕೆ ಕೆನರಾಕ್ಕೆ ಬಂದರು. ರೊಡ್ರಿಗಸ್, ಗೊನ್ಸಾಲ್ವಿಸ್, ಲೋಪಿಸ್, ಮೆಂಡಿಸ್, ಇವೂ ‘ಇಂಥವನ ಮಗ’ ಜಾತಿಯ ಹೆಸರುಗಳೇ. ಆದರೆ ಎಲ್ಲವೂ ಹಾಗಲ್ಲ. ಲೋಬೊ ಅಂದರೆ ತೋಳ, ಪಿರೇರಾ ಅಂದರೆ ಪೇರ್ ಹಣ್ಣಿನ ಮರ.

ಹಾಗಾಗಿ ‘ನಾವು ಫೆರ್ನಾಂಡಿಸ್, ಅಂದರೆ ಪೋರ್ಚುಗೀಸ್ ರಕ್ತ’ ಅಂತ ಯಾರಾದರೂ ಹೇಳಿದರೆ ಹೆಸರು ಒಂದನ್ನೇ ನೋಡಿ ನಂಬಬೇಡಿ. ಬಹುಪಾಲು ಮನೆಗಳು ಕೊಂಕಣದ ಮಣ್ಣಿನವೇ. ಎಷ್ಟೋ ಕುಟುಂಬಗಳು ಮತಾಂತರಕ್ಕೆ ಮುಂಚಿನ ತಮ್ಮ ಹೆಸರನ್ನು, ಪ್ರಭು, ಕಾಮತ್, ಪೈ, ನಾಯಕ್ ಇತ್ಯಾದಿ, ಇವತ್ತಿಗೂ ನೆನಪಿಟ್ಟುಕೊಂಡಿವೆ. ಲೋಬೊ ಪ್ರಭು ಅನ್ನೋ ಜೋಡಿ ಹೆಸರು ನೀವು ಕೇಳಿರಬಹುದು.

ಇನ್ನೊಂದು ಮಾತು. ಇಂಟರ್‌ನೆಟ್‌ನಲ್ಲಿ ‘ಫೆರ್ನಾಂಡೆಸ್ ಕುಟುಂಬದ ಲಾಂಛನ’ ಅಂತ ಗುರಾಣಿ, ಸಿಂಹ, ಕೋಟೆ ಇರುವ ಚಿತ್ರ ಚೌಕಟ್ಟು ಹಾಕಿ ಮಾರುತ್ತಾರೆ. ದಯವಿಟ್ಟು ದುಡ್ಡು ಹಾಕಬೇಡಿ. ಸ್ಪೇನ್‌ನಲ್ಲಿ ಲಾಂಛನ ಇರುತ್ತಿದ್ದದ್ದು ಒಂದು ನಿರ್ದಿಷ್ಟ ಮನೆಗೆ, ಆ ಹೆಸರಿನ ಎಲ್ಲರಿಗೂ ಅಲ್ಲ. ಬೇರೆ ಬೇರೆ ಫೆರ್ನಾಂಡೆಸ್ ಮನೆಗಳಿಗೆ ಬೇರೆ ಬೇರೆ ಲಾಂಛನ ಇದ್ದವು, ಬಹಳಷ್ಟು ಮನೆಗಳಿಗೆ ಏನೂ ಇರಲಿಲ್ಲ.

ನೀವೇ ಫೆರ್ನಾಂಡಿಸ್ ಆಗಿದ್ದು ಬೇರು ಹುಡುಕುತ್ತಿದ್ದರೆ ಮೊದಲು ಮನೆಯ ಹಿರಿಯರನ್ನು ಕೇಳಿ: ಹಳೆಯ ಕುಲದ ಹೆಸರು ಏನು, ಗೋವಾದ ಯಾವ ಊರು, ಯಾವ ದೇವಸ್ಥಾನದ ಜೊತೆ ನಂಟಿತ್ತು ಅಂತ. ಆಮೇಲೆ ನಿಮ್ಮ ಊರಿನ ಚರ್ಚ್‌ನ ಜ್ಞಾನಸ್ನಾನ, ಮದುವೆ ದಾಖಲೆ ನೋಡಿ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಚರ್ಚ್‌ಗಳೂ ನೆಲಸಮವಾದವು, ಆದ್ದರಿಂದ ಅದಕ್ಕಿಂತ ಹಿಂದಿನ ಕಾಗದ ಇಲ್ಲಿ ಸಿಗೋದು ಕಷ್ಟ. ಊರಿನ ಹೆಸರು ಕೈಯಲ್ಲಿದ್ದರೆ ಗೋವಾದ ಆ ಚರ್ಚ್‌ಗೆ ಹೋಗಿ ವಿಚಾರಿಸಬಹುದು.