ಬಿಳಿ ತುರಾಯಿಯೋ, ಕರಿ ತುರಾಯಿಯೋ?

ಪ್ರಶ್ನೆ: ನಾನು ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಕೆಲಸಕ್ಕಿದ್ದೇನೆ. ಏಪ್ರಿಲ್‌ನಲ್ಲಿ ಸಹೋದ್ಯೋಗಿಯ ಮದುವೆ. ಅವನು ಕ್ಯಾಂಪ್‌ಬೆಲ್ ಮನೆತನದವನು. ಅವನ ತಾಯಿ ನನಗೆ ಬಾಲ್ಮೋರಲ್ ಬಾನೆಟ್ ಎಂಬ ನೀಲಿ ಉಣ್ಣೆಯ ಟೋಪಿಯೊಂದನ್ನು ಕೊಟ್ಟಿದ್ದಾರೆ. ಅದರ ಎಡಗಡೆ ಕಪ್ಪು ರಿಬ್ಬನ್ನಿನ ಕಾಕೇಡ್, ಅಂದರೆ ನೆರಿಗೆ ಹಿಡಿದ ದುಂಡು ಹೂ, ಇದೆ, ಮಂಕಾಗಿ ಕಾಣುತ್ತದೆ. ಅದನ್ನು ಬಿಚ್ಚಿ 1745ರ ಕಾಲದ ಬಿಳಿ ಕಾಕೇಡ್ ಹೊಲಿದರೆ ಚೆಂದವೂ ಹೌದು, ಐತಿಹಾಸಿಕವೂ ಹೌದು ಅಲ್ಲವೇ?
– ಒಬ್ಬ ಓದುಗ, ಇನ್ವರ್ನೆಸ್

ಉತ್ತರ: ತಮ್ಮಾ, ಮೊದಲು ಕತ್ತರಿ ಕೆಳಗಿಡಿ.

ನಿಮ್ಮ ಊರಿನಲ್ಲಿಯೇ, ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ, ಹನ್ನೊಂದು ವರ್ಷ ಸೂಜಿ ಹಿಡಿದವಳು ನಾನು. ಹೊಸದರಲ್ಲಿ ನಿಮ್ಮ ಹಾಗೆಯೇ ಯೋಚಿಸಿದ್ದೆ. ಮದುವಣಗಿತ್ತಿಯ ಗೌನು ಬಿಳಿ, ಗಂಡಸರ ಟೋಪಿಯ ಮೇಲೂ ಬಿಳಿ ಇದ್ದರೆ ಒಪ್ಪುತ್ತದೆ ಎಂದುಕೊಂಡು, ಯಾರನ್ನೂ ಕೇಳದೆ ಆರು ಟೋಪಿಗಳಿಗೆ ಬಿಳಿ ಹೂ ಹೊಲಿದಿಟ್ಟೆ. ಮಾರನೆಯ ದಿನ ವರನ ಚಿಕ್ಕಪ್ಪ ಬಂದರು. ಜೇಬಿನಿಂದ ಚಾಕು ತೆಗೆದು, ತಮ್ಮ ಟೋಪಿಯ ಹೂವಿನ ಎಳೆಗಳನ್ನು ಒಂದೊಂದಾಗಿ ಕುಯ್ದು, ಹೂವನ್ನು ಮೇಜಿನ ಮೇಲಿಟ್ಟು, "ನಮ್ಮದು ಕಪ್ಪು" ಎಂದಷ್ಟೇ ಹೇಳಿ ಹೊರಟರು. ಉಳಿದ ಐದನ್ನು ಆ ರಾತ್ರಿ ನಾನೇ ಬಿಚ್ಚಿದೆ.

ಅವರೂ ಕ್ಯಾಂಪ್‌ಬೆಲ್ಲರೇ.

ನಮ್ಮ ಪೇಟದ ತುರಾಯಿ ಅಂದಕ್ಕೆ ಸಿಕ್ಕಿಸುವಂಥದ್ದು. ಕಾಕೇಡ್ ನೋಡಲು ಅದರ ತಂಗಿಯಂತಿದ್ದರೂ ಹುಟ್ಟಿದ್ದು ಪಕ್ಷದ ಗುರುತಾಗಿ. 1745ರಲ್ಲಿ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ತನ್ನ ತಂದೆಗೆ ಬ್ರಿಟನ್ನಿನ ಸಿಂಹಾಸನ ಗೆದ್ದುಕೊಡುತ್ತೇನೆಂದು ಬಂದು, ಆಗಸ್ಟ್ 19ರಂದು ಗ್ಲೆನ್‌ಫಿನ್ನನ್‌ನಲ್ಲಿ ಬಾವುಟ ಏರಿಸಿದ. ಅವನ ಕಡೆಗೂ ಹೈಲ್ಯಾಂಡಿನವರು, ಅಂದರೆ ಸ್ಕಾಟ್ಲೆಂಡಿನ ಗುಡ್ಡನಾಡಿನವರು, ಇದ್ದರು, ಆಗ ಆಳುತ್ತಿದ್ದ ಹ್ಯಾನೋವರ್ ವಂಶದ ರಾಜ ಜಾರ್ಜನ ಕಡೆಗೂ ಹೈಲ್ಯಾಂಡಿನವರು ಇದ್ದರು. ಎರಡೂ ಕಡೆ ಅದೇ ಚೌಕಳಿ ಕಂಬಳಿ, ಅದೇ ನೀಲಿ ಟೋಪಿ, ಅದೇ ಗೇಲಿಕ್ ಬೈಗುಳ. ಮನೆತನಕ್ಕೊಂದು ಚೌಕಳಿ ಎಂಬ ಕಟ್ಟುನಿಟ್ಟು ಆಗಿನ್ನೂ ಬಂದಿರಲಿಲ್ಲ. ಹಾಗಾದರೆ ಎದುರಿಗೆ ಓಡಿ ಬರುವವನು ನಮ್ಮವನೋ ಶತ್ರುವೋ ಎಂದು ತಿಳಿಯುವುದು ಹೇಗೆ? ಟೋಪಿ ನೋಡಬೇಕು. ಬಿಳಿ ಇದ್ದರೆ ಸ್ಟುವರ್ಟ್ ಕಡೆ, ಕಪ್ಪು ಇದ್ದರೆ ಹ್ಯಾನೋವರ್ ರಾಜನ ಕಡೆ. ಚಿಸಂ ಮನೆತನದಲ್ಲಂತೂ ಇಬ್ಬರು ಅಣ್ಣಂದಿರು ಕಪ್ಪಿನ ಸೈನ್ಯದಲ್ಲಿ, ಕಿರಿಯ ತಮ್ಮ ಬಿಳಿಯ ಸೈನ್ಯದಲ್ಲಿ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಎರಡೂ ಸೈನ್ಯಗಳ ನಡುವೆ ನಡೆದ ಕಾಳಗದಲ್ಲಿ ತಮ್ಮ ಸತ್ತ. ಆ ಬಯಲು ನಿಮ್ಮ ಊರಿನಿಂದ ಎಂಟು ಕಿಲೋಮೀಟರ್ ಆಚೆಗಿದೆ, ನೋಡಿಕೊಂಡು ಬಂದಿರುತ್ತೀರಿ. ಅಂದು ಆರ್ಗೈಲ್‌ನ ಕ್ಯಾಂಪ್‌ಬೆಲ್ಲರು ನಿಂತಿದ್ದು ರಾಜ ಜಾರ್ಜನ ಕಡೆ.

ನೀವು ಕೇಳುತ್ತಿರುವುದು, ಅದೇ ಏಪ್ರಿಲ್ ತಿಂಗಳಲ್ಲಿ, ಅದೇ ಮನೆತನದ ಚಪ್ಪರಕ್ಕೆ ಬಿಳಿ ಹಾಕಿಕೊಂಡು ಹೋಗಲೇ ಎಂದು! ಯಾರೂ ಜಗಳ ತೆಗೆಯುವುದಿಲ್ಲ, ನಗುತ್ತಾರೆ ಅಷ್ಟೆ. ಆದರೆ ಟೋಪಿ ಕೊಟ್ಟ ಆ ತಾಯಿ ನಗುತ್ತಾರೆಯೇ ಎಂಬುದನ್ನು ಯೋಚಿಸಿ.

ಬಿಳಿಯ ಮೇಲೆ ನನಗೇನೂ ಕೋಪವಿಲ್ಲ. ರಾಜಕುಮಾರ ಚಾರ್ಲ್ಸ್ ಫಾಸ್‌ಫರ್ನ್ ಎಂಬ ಊರಿನಲ್ಲಿ ಬಿಳಿ ಗುಲಾಬಿ ಕಿತ್ತು ಟೋಪಿಗೆ ಸಿಕ್ಕಿಸಿಕೊಂಡ, ಅದೇ ಬಿಳಿ ಕಾಕೇಡಿಗೆ ಮೂಲ ಎಂಬ ಕಥೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. ಅವನ ತಂದೆಯ ಹುಟ್ಟುಹಬ್ಬವಾದ ಜೂನ್ 10ನ್ನು ಅಭಿಮಾನಿಗಳು ಬಿಳಿ ಗುಲಾಬಿಯ ದಿನ ಎಂದೇ ಕರೆದರು. ಆ ದಿನ ಹಾಕಿಕೊಳ್ಳಿ, ಯಾರು ಬೇಡ ಎಂದಾರು?

ಇನ್ನು ಐತಿಹಾಸಿಕ ಎಂದಿರಲ್ಲ, ಅಲ್ಲೊಂದು ತೊಡಕಿದೆ. ನಿಮ್ಮ ಟೋಪಿಯ ವಂಶ ಹಳೆಯದೇ, ಹೆಸರು ಮಾತ್ರ ವಿಕ್ಟೋರಿಯಾ ರಾಣಿಯ ಬಾಲ್ಮೋರಲ್ ಅರಮನೆಯದು. ಆ ಆಸ್ತಿಯನ್ನು ಅವರು ಕೊಂಡದ್ದು 1852ರಲ್ಲಿ, ಕಲೋಡನ್ ಮುಗಿದು ನೂರು ವರ್ಷದ ಮೇಲೆ. 1745ರ ಬಿಳಿಗೆ ಬೇಕಾದದ್ದು ಕೈಯಲ್ಲಿ ಹೆಣೆದ, ಅಗಲವಾದ, ಸಾದಾ ನೀಲಿ ಟೋಪಿ. ಟೋಪಿಯದೊಂದು ಶತಮಾನ, ತುರಾಯಿಯದೊಂದು ಶತಮಾನ ಆಗಬಾರದು. ಕೋಟು ಸೂಟಿಗೆ ಪೇಟ ಸುತ್ತಿದವರನ್ನು ನಾವೂ ಒಪ್ಪಿಕೊಳ್ಳುತ್ತೇವೆ ಎನ್ನಿ, ಆದರೆ ಅದನ್ನು ಐತಿಹಾಸಿಕ ಎನ್ನುವುದಿಲ್ಲ.

ಕಪ್ಪು ರಿಬ್ಬನ್ ಮಂಕಾಗಿರುವುದು ಧೂಳಿನಿಂದ. ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿಯನ್ನು ಮುಟ್ಟಿಸಿ ತೆಗೆಯಿರಿ, ಎಳೆಯಬೇಡಿ, ನೆರಿಗೆ ಸತ್ತುಹೋಗುತ್ತದೆ. ಟೋಪಿಯ ಬಟ್ಟೆಯನ್ನು ಬಲಕ್ಕೆ ಇಳಿಸಿ, ಕಾಕೇಡ್ ಎಡಗಣ್ಣಿನಿಂದ ಸ್ವಲ್ಪ ಹಿಂದಕ್ಕೆ ಬರಲಿ. ಬೆಲ್ಟು ಬಕಲ್ ಸುತ್ತಿದ ಮನೆತನದ ಬ್ಯಾಡ್ಜನ್ನು ಅವರಾಗಿಯೇ ಕೊಟ್ಟರೆ ಮಾತ್ರ ಚುಚ್ಚಿಕೊಳ್ಳಿ. ಗರಿಯಂತೂ ಬೇಡವೇ ಬೇಡ. ಹದ್ದಿನ ಮೂರು ಗರಿ ಮನೆತನದ ಮುಖ್ಯಸ್ಥನದು. ಅತಿಥಿಯಾಗಿ ಹೋದವರು ಯಜಮಾನನ ಕುರ್ಚಿಯಲ್ಲಿ ಕೂರುತ್ತಾರೆಯೇ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ನಾಟಕ ಆಡುತ್ತಿದೆ. ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನಾದ್ದರಿಂದ ನೀಲಿ ಬಾನೆಟ್ಟಿಗೆ ಬಿಳಿ ಕಾಕೇಡ್ ಹಾಕಿಸಿದ್ದೇವೆ. ಸರಿಯೇ?
– ಒಬ್ಬ ಓದುಗಿ, ಮಂಡ್ಯ

ಉತ್ತರ: ಟೋಪಿಯೂ ತಪ್ಪು, ಬಣ್ಣವೂ ತಪ್ಪು. ಬೇರ್ಡ್ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ 1784ರವರೆಗೆ ಶ್ರೀರಂಗಪಟ್ಟಣದಲ್ಲೇ ಬಂದಿಯಾಗಿದ್ದವನು. ಸುದ್ದಿ ಕೇಳಿದ ಅವನ ತಾಯಿ, ನಮ್ಮ ಡೇವಿಯ ಜೊತೆ ಒಂದೇ ಸರಪಳಿಗೆ ಬಿದ್ದವನನ್ನು ದೇವರೇ ಕಾಪಾಡಬೇಕು ಎಂದರಂತೆ. 1799ರ ಮೇ 4ರಂದು ಕೋಟೆಗೆ ನುಗ್ಗುವಾಗ ಅವನು ಅದೇ ಹ್ಯಾನೋವರ್ ವಂಶದ ರಾಜ ಮೂರನೆಯ ಜಾರ್ಜನ ಮೇಜರ್ ಜನರಲ್. ಸ್ಟುವರ್ಟರ ಬಿಳಿ ಅವನ ತಲೆಯ ಮೇಲೆ ಬಂದರೆ ರಾಜದ್ರೋಹವಾದೀತು. ಅಂಚು ಮೇಲಕ್ಕೆ ಮಡಿಸಿದ ಕಪ್ಪು ಟೋಪಿ ಕೊಡಿ, ಎಡಗಡೆ ಕಪ್ಪು ಕಾಕೇಡ್ ಇರಲಿ.

ಹೊಳೆಯುವ ಸ್ಯಾಟಿನ್ ರಿಬ್ಬನ್ ತರಬೇಡಿ, ರಂಗದ ದೀಪಕ್ಕೆ ಬೂದಿಯಂತೆ ಕಾಣುತ್ತದೆ. ಲಂಗಕ್ಕೆ ಪೋಣಿಸುವ ಹತ್ತಿಯ ಅಗಲ ಲಾಡಿ ಮುಕ್ಕಾಲು ಮೀಟರ್ ಸಾಕು, ಕಪ್ಪಗೆ ಬಣ್ಣ ಹಾಕಿಸಿ. ಒಂದು ಅಂಚಿಗೆ ಸೀರೆಯ ನೆರಿಗೆಯಂತೆ ಸಣ್ಣ ಸಣ್ಣ ಮಡಿಕೆ ಹಿಡಿದು ದಾರ ಓಡಿಸಿ, ಜಗ್ಗಿದರೆ ತಾನಾಗಿಯೇ ದುಂಡಗಾಗುತ್ತದೆ. ನಡುವೆ ಒಂದು ಗುಂಡಿ. ಪಿನ್ನನ್ನು ನಂಬದೆ ಟೋಪಿಗೇ ಹೊಲಿದುಬಿಡಿ. ಬೇರ್ಡ್ ದೀವಟಿಗೆಯ ಬೆಳಕಿನಲ್ಲಿ ಬಗ್ಗಿ ಟಿಪ್ಪುವಿನ ದೇಹ ಹುಡುಕುವ ದೃಶ್ಯದಲ್ಲಿ ಅದು ಕಳಚಿ ಬಿತ್ತೋ, ಸಭೆಯೆಲ್ಲ ಗೊಳ್ಳೆಂದು ನಗುತ್ತದೆ.